ಅಟ್ಟದಿಂದ ತಪ್ಪಿಸಿಕೊಂಡ ಕಾಯಿ

ಅರಳಗುಪ್ಪೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಡುವೆ ಡ್ರೈವರ್ ಟೀ ಕುಡಿದರೆ ಒಂದು ಗಂಟೆ. ಇಷ್ಟು ದೂರ ಬಂದು ನೆಲೆಸುವುದಕ್ಕೆ ನಾನು ಮಾಡಿದ ಆರ್ಭಟ ನೋಡಿದ್ದರೆ ಸಮುದ್ರ ದಾಟಿ ಹೋದವರೂ ನಾಚಿಕೊಳ್ಳಬೇಕಿತ್ತು. ಹೊರಟ ದಿನ ಅರಳೀಕಟ್ಟೆಯ ಹತ್ತಿರ ಟೆಂಪೋ ನಿಲ್ಲಿಸಿ, ಕೂತಿದ್ದ ಹತ್ತಾರು ಜನರ ಎದುರು, "ಇನ್ನು ಈ ಊರಿಗೆ ಕಾಲಿಟ್ರೆ ನೆಂಟನಾಗೇ ಕಣ್ರಪ್ಪ ಬರೋದು" ಎಂದು ಘೋಷಿಸಿದೆ. ನಮ್ಮ ತೋಟ ನೋಡಿಕೊಳ್ಳಲು ಒಪ್ಪಿದ್ದ ಮಾರಯ್ಯ ಬಾಯಿಂದ ಬೀಡಿ ತೆಗೆದು, "ಆಗ್ಲಿ ಬುಡು ಯೋಗಪ್ಪ, ಬಂದಾಗ ಕಾಲಿಗೆ ನೀರು ಕೊಡ್ತೀವಿ" ಎಂದ. ಎಲ್ಲರೂ ನಕ್ಕರು. ನಾನೂ ಜೋರಾಗಿ ನಕ್ಕೆ.

ತಿಪಟೂರಿನಲ್ಲಿ ನನಗೆ ಕಾದಿದ್ದದ್ದು ಪಂಪ್‌ಸೆಟ್ ಅಂಗಡಿಯೊಂದರ ಮ್ಯಾನೇಜರ್ ಹುದ್ದೆ. ಮಾಲೀಕರನ್ನು ಬಿಟ್ಟರೆ ಆ ಅಂಗಡಿಯಲ್ಲಿ ಇರುವವನು ನಾನೊಬ್ಬನೇ. ಹಾಗಾಗಿ ನಾನು ಮ್ಯಾನೇಜರ್ ಎನ್ನುವುದರಲ್ಲಿ ಯಾರೂ ತಪ್ಪು ಹುಡುಕುವಂತಿಲ್ಲ. ಹೆಂಡತಿ ಸೌಮ್ಯ ಹೊರಡಲು ಒಪ್ಪಿದಳು. ಒಪ್ಪದವಳು ಮಗಳು ಗಾನವಿ. ಹನ್ನೊಂದು ವರ್ಷದವಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಆದರೆ ಅವಳು ಅಳಲಿಲ್ಲ. ಅಟ್ಟದ ಏಣಿಯನ್ನು ತಬ್ಬಿಕೊಂಡು ನಿಂತುಬಿಟ್ಟಳು. ಟೆಂಪೋದವನು ಹಾರನ್ ಹೊಡೆಯುತ್ತಿದ್ದ. ನನ್ನ ಬಾಯಿಂದ ಮಾತೊಂದು ಹೊರಬಿತ್ತು.

"ಮೊನ್ನೆ ತಾನೇ ಅಟ್ಟ ತುಂಬಿಸಿದೀವಲ್ಲವ್ವ? ಆ ಕಾಯಿ ಆಗೋವರ್ಗೆ ಅಷ್ಟೇ. ಆದ ದಿನಾನೇ ವಾಪಸ್ ಬಂದ್ಬುಡೋಣ."

ನಮ್ಮ ಕಡೆ ಇದು ಕಾಲದ ಅಳತೆ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುತ್ತದೆ. ಆಮೇಲೆ ನೀರು ಇಂಗಿ, ತಿಂಗಳುಗಟ್ಟಲೆ ಸದ್ದೇ ಇರುವುದಿಲ್ಲ. ಕೊನೆಗೊಂದು ದಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಅನ್ನುತ್ತದೆ. ಆ ಸದ್ದು ಕೇಳಿದರೆ 'ಕಾಯಿ ಆಯಿತು' ಎಂದರ್ಥ. ಮದುವೆಯಾಗಲಿ, ಮನೆಗೆ ಸುಣ್ಣ ಬಳಿಯುವುದಾಗಲಿ, ಹಲ್ಲು ಕೀಳಿಸುವುದಾಗಲಿ, ಎಲ್ಲಕ್ಕೂ 'ಅಟ್ಟ ಇಳಿದ ಮೇಲೆ ನೋಡೋಣ' ಎನ್ನುವ ಜನ ನಾವು. ಮಗು ನಂಬಿತು. ಏಣಿ ಬಿಟ್ಟು ಟೆಂಪೋ ಹತ್ತಿತು.

ಎರಡು ವಾರ ಕಳೆಯುವುದರೊಳಗೆ ನಾನು ಒಬ್ಬನೇ ಊರಿಗೆ ಹೋಗಿ, ಅಟ್ಟವನ್ನು ಪೂರ್ತಿ ಖಾಲಿ ಮಾಡಿಸಿ, ಇನ್ನೂ ನೀರಾಡುತ್ತಿದ್ದ ಕಾಯನ್ನೆಲ್ಲ ಲಾರಿಗೆ ತುಂಬಿಸಿ ಮಾರಿದೆ. ಬದಲಿಗೆ ಬಂದದ್ದು ಮೆರೂನ್ ಬಣ್ಣದ ಒಂದು ಸೋಫಾ ಸೆಟ್. ಬಾಡಿಗೆ ಮನೆಯ ಹಾಲಿಗೆ ಸೋಫಾ ಇಲ್ಲದಿದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ ಎಂಬ ಚಿಂತೆ ನನಗೆ. ಅಂಗಡಿಯವರು ಕೊಡಿಸಿದರು ಎಂದು ಸೌಮ್ಯಳಿಗೆ ಹೇಳಿದೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯಲು ನಾನು ಯಾರಿಗೂ ಬಿಡಲಿಲ್ಲ. ಕೂತರೆ ಕಿರ್ ಎನ್ನುತ್ತಿತ್ತು, ಸೆಕೆಗೆ ತೊಡೆಗೆ ಅಂಟಿಕೊಳ್ಳುತ್ತಿತ್ತು. ಆದ್ದರಿಂದ ಮೂವರೂ ನೆಲದ ಮೇಲೆ ಕೂತು ಸೋಫಾವನ್ನು ನೋಡುತ್ತಿದ್ದೆವು.

ತೊಂದರೆ ಶುರುವಾದದ್ದು ಭಾನುವಾರಗಳಿಂದ. "ಅಪ್ಪ, ಊರಿಗೆ ಹೋಗಿ ಬರೋಣ" ಎಂದು ಗಾನವಿ. ಹೋದರೆ ಅವಳು ಮೊದಲು ಹತ್ತುವುದೇ ಅಟ್ಟ. ಹತ್ತಿದರೆ ನನ್ನ ಮಾನ ಉಳಿಯುವುದಿಲ್ಲ. ಒಂದು ಭಾನುವಾರ ಬಸ್ಸಿಲ್ಲ ಎಂದೆ. ಇನ್ನೊಂದು ಭಾನುವಾರ ರಸ್ತೆ ಅಗೆದಿದ್ದಾರೆ ಎಂದೆ. ಗೌರಿ ಹಬ್ಬದ ಹೊತ್ತಿಗೆ ರಸ್ತೆ ಅಗೆದು ಅಗೆದು ನನಗೇ ಸುಸ್ತಾಗಿತ್ತು. ದೀಪಾವಳಿಗೆ ಬೇರೇನೂ ಹೊಳೆಯದೆ, "ನಮ್ಮ ತೋಟಕ್ಕೆ ಚಿರತೆ ಬಂದಿದೆಯಂತೆ ಪುಟ್ಟ" ಎಂದುಬಿಟ್ಟೆ.

ಅದನ್ನು ಕೆಳಮನೆಯ ರಂಗರಾಜು ಕೇಳಿಸಿಕೊಂಡರು. ನಮ್ಮ ಮನೆಯ ಮಾಲೀಕರು, ನಿವೃತ್ತ ನೋಂದಣಿ ಗುಮಾಸ್ತರು. ವಿಷಯ ಯಾವುದಾದರೂ ನಾಲ್ಕು ಜನರಿಗೆ ತಿಳಿಸಿ ಸಾಕ್ಷಿ ಮಾಡಿಕೊಳ್ಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಸಂಜೆಯ ಹೊತ್ತಿಗೆ ಚಿರತೆ ಮುಕ್ಕಾಲು ಗಂಟೆಯ ದಾರಿಯನ್ನು ಕ್ರಮಿಸಿ ಅರಳಗುಪ್ಪೆ ಸೇರಿತ್ತು. ಮಾರಯ್ಯನಿಂದ ಫೋನು.

"ಯೋಗಪ್ಪ, ನಮ್ ತೋಟದಾಗೆ ಚಿರತೆ ಐತಂತೆ ಕಣಪ್ಪ! ತಿಪಟೂರಿನೋರೇ ಹೇಳವ್ರೆ. ನಾನಂತೂ ಆ ಕಡೆ ಕಾಲಿಕ್ಕಲ್ಲ. ನೀನು ಪುಣ್ಯವಂತ, ಟೌನು ಸೇರ್ಕಂಡೆ."

ಮಾರನೆಯ ದಿನ ಯಾರೋ ಬೋನು ತಂದಿಟ್ಟರು. ಅದಕ್ಕೆ ಮಾರಯ್ಯನ ನಾಯಿ ಬಿತ್ತು. ಈ ಸುದ್ದಿಯನ್ನು ಗಾನವಿಗೆ ರಂಗರಾಜುವೇ ಹೇಳಿದರು. ಮಗು ನನ್ನ ಮುಖವನ್ನು ಒಂದು ಸಲ ನೋಡಿ, ತಟ್ಟೆ ಎತ್ತಿಕೊಂಡು ಎದ್ದು ಹೋಯಿತು. ಅವತ್ತಿನಿಂದ ನನ್ನ ಜೊತೆ ಮಾತು ಬಂದ್. ಎದುರಿಗೇ ಕೂತಿದ್ದರೂ, "ಅಮ್ಮ, ಅಪ್ಪಂಗೆ ಹೇಳು, ಪ್ರೋಗ್ರೆಸ್ ಕಾರ್ಡಿಗೆ ಸೈನ್ ಬೇಕಂತೆ" ಎನ್ನುತ್ತಿದ್ದಳು. ನಾನು ಸೈನ್ ಮಾಡಿ, "ಸೌಮ್ಯ, ಅವಳಿಗೆ ಹೇಳು, ಗಣಿತದಲ್ಲಿ ಕಮ್ಮಿ ಬಂದಿದೆ" ಎನ್ನುತ್ತಿದ್ದೆ. "ಅಪ್ಪ ಮಗಳ ಮಧ್ಯೆ ನಾನೇನು ಪೋಸ್ಟ್ ಆಫೀಸೇನ್ರೀ?" ಎಂದು ಸೌಮ್ಯ ಪಾತ್ರೆ ಕುಕ್ಕುತ್ತಿದ್ದಳು.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೂ ಊರು ಬೇಕಿತ್ತು. ಅಂಗಡಿಯ ಮುಂದೆ ನಮ್ಮೂರ ಬಸ್ಸು ಹೋದರೆ, ಗಿರಾಕಿಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿ, ಕಿಟಕಿಯಲ್ಲಿ ಯಾರಿದ್ದಾರೆ ಎಂದು ನೋಡುತ್ತಿದ್ದೆ. ಗುರುತಿನ ಮುಖ ಕಂಡರೆ ತಕ್ಷಣ ಕಂಬದ ಹಿಂದೆ ಸರಿಯುತ್ತಿದ್ದೆ. ಮಗಳು ಒಂದು ಸಲ 'ಅಪ್ಪ' ಎಂದು ಕರೆದರೆ ಸಾಕು ಎನ್ನುವಷ್ಟು ಆಸೆಯಾಗುತ್ತಿತ್ತು.

ಡಿಸೆಂಬರಿನಲ್ಲಿ ಮಹಡಿಯ ನಲ್ಲಿ ಪೈಪು ಸೋರುತ್ತಿದೆ ಎಂದು ರಂಗರಾಜು ಮೇಲೆ ಬಂದರು. ಗೋಡೆ ತೇವವಾಗಿದೆಯೋ ಏನೋ ಎಂದು ಗಾನವಿಯ ಕೋಣೆಯ ಬೀರುವಿನ ಬಾಗಿಲು ತೆಗೆದರು. ಮರುಕ್ಷಣ ಅವರ ಕೂಗಿಗೆ ಇಡೀ ಬೀದಿ ಹೊರಗೆ ಬಂತು.

"ಯೋಗೀಶಪ್ಪಾ! ನಾನು ಮನೆ ಕೊಟ್ಟಿದ್ದು ಸಂಸಾರ ಮಾಡೋಕೆ ಕಣ್ರೀ, ಮಾಟ ಮಾಡೋಕಲ್ಲ!"

ಹೋಗಿ ನೋಡಿದೆ. ಹಳೇ ಸ್ಕೂಲಿನ ಲಂಗದಲ್ಲಿ ಸುತ್ತಿಟ್ಟಿದ್ದ ಒಂದು ತೆಂಗಿನಕಾಯಿ, ಸಿಪ್ಪೆ ಸಮೇತ. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿತ್ತು. ಸಿಪ್ಪೆಯ ಮೇಲೆ ಕಪ್ಪು ಪೆನ್ನಿನಲ್ಲಿ ಎಳೆದ ಏಳು ಗೀಟು. ಹುಟ್ಟಿದ ದಿನದಿಂದ ತೆಂಗಿನಕಾಯಿ ನೋಡುತ್ತ ಬಂದವನು ನಾನು. ಆದರೂ ಟೌನಿನ ಮನೆಯ ಬೀರುವಿನಲ್ಲಿ, ಕೆಂಪು ರಿಬ್ಬನ್ ಕಟ್ಟಿಕೊಂಡು ಕೂತ ಆ ಕಾಯಿಯನ್ನು ನೋಡಿ ರಂಗರಾಜು ಅವರ ಬೆನ್ನ ಹಿಂದೆ ಸರಿದೆ.

ರಂಗರಾಜು ಅವರ ಹೆಂಡತಿ ಕಲ್ಲಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಹೇಳಿದರು, "ನಾನು ಟೆರೇಸ್ ಮೇಲೆ ಕಣ್ಣಾರೆ ನೋಡಿದೀನಿ ಕಣ್ರೀ. ಮಗು ದಿನಾ ಬೆಳಿಗ್ಗೆ ಅದನ್ನ ಕಿವಿ ಹತ್ರ ಹಿಡ್ಕೊಂಡು ನಿಂತಿರುತ್ತೆ. ಅದೇನೋ ಹೇಳುತ್ತೆ, ಇದು ಕೇಳುತ್ತೆ."

ಸೌಮ್ಯ ಹೆದರಿ, ಕಂದಿಕೆರೆಯಲ್ಲಿರುವ ನನ್ನ ದೊಡ್ಡಮ್ಮ ಶಿವರುದ್ರಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ದೊಡ್ಡಮ್ಮನಿಗೆ ಕಿವಿ ಮಂದ, ಗಂಟಲು ಚುರುಕು. ಕೆಂಪು ರಿಬ್ಬನ್ನು, ಏಳು ಗೀಟು ಎಂದಷ್ಟೇ ಕೇಳಿಸಿತು.

"ಏಳು ಗೀಟಾ? ಎಂಟನೇದು ಬೀಳೋದ್ರೊಳಗೆ ಏನಾದ್ರೂ ಮಾಡ್ಲಾ ಯೋಗಿ! ಯಾರೂ ಅದ್ನ ಮುಟ್‌ಬ್ಯಾಡ್ರಿ!"

ನಾವು ಯಾರೂ ಮುಟ್ಟಲಿಲ್ಲ. ರಂಗರಾಜು ಕೋಲಿನಿಂದ ತಳ್ಳಿ ಬಕೆಟ್ಟಿಗೆ ಬೀಳಿಸಿ, ಮೇಲೆ ಮೊರ ಮುಚ್ಚಿ, ಸುತ್ತ ಉಪ್ಪು ಹಾಕಿದರು. ಯಾರೋ ಒಬ್ಬ ಮಂತ್ರವಾದಿಯ ನಂಬರು ತಮ್ಮ ಹತ್ತಿರ ಇದೆ ಎಂದರು. ಸ್ಕೂಲಿನಿಂದ ಬಂದ ಗಾನವಿ ಬಕೆಟ್ಟು ನೋಡಿದಳು, ಉಪ್ಪು ನೋಡಿದಳು, ನನ್ನನ್ನೂ ನೋಡಿದಳು. "ಏನೇ ಇದು?" ಎಂದು ಸೌಮ್ಯ ಗದರಿದ್ದಕ್ಕೆ ಬಂದ ಉತ್ತರ ಒಂದೇ.

"ಅಪ್ಪನ್ನ ಕೇಳು. ಅವರಿಗೆ ಗೊತ್ತಿರ್ಬೇಕು."

ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಮಗು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

ಸೌಮ್ಯ ಗಟ್ಟಿಯವಳು. ಮಂತ್ರವಾದಿಯ ಮಾತನ್ನು ಅಲ್ಲೇ ತುಂಡರಿಸಿದಳು. "ಸ್ಕೂಲಿಗೆ ತಿಂಗಳಿಗೊಂದ್ಸಲ ಆಪ್ತ ಸಮಾಲೋಚನೆ ಮೇಡಂ ಬರ್ತಾರೆ. ಮನೆಯೋರೆಲ್ಲ ಬರ್ಬೇಕು ಅಂತ ಎರಡು ಸಲ ಚೀಟಿ ಕಳ್ಸಿದ್ರು. ಎಲ್ಲಿಟ್ರಿ ಆ ಚೀಟಿನ?" ನಾನು ಅವನ್ನು ಮಡಿಸಿ ಸೋಫಾದ ಕುಂಟು ಕಾಲಿನ ಕೆಳಗೆ ಇಟ್ಟಿದ್ದೆ. ಹುಚ್ಚರಿಗಲ್ಲವೇ ಅದೆಲ್ಲ, ನಮ್ಮಂಥ ಮ್ಯಾನೇಜರುಗಳಿಗೆ ಯಾಕೆ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಶನಿವಾರ ಹೊರಟೆವು. ನಾನು ಇಸ್ತ್ರಿ ಶರ್ಟು ಹಾಕಿದ್ದೆ. ಹಿಂದೆ ರಂಗರಾಜು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕೋಲು.

ಸ್ಟಾಫ್‌ರೂಮಿನ ಪಕ್ಕದ ಪುಟ್ಟ ಕೋಣೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮೇಡಂ ಹೆಸರು ಕೋಮಲಾ, ಹುಳಿಯಾರು ಕಡೆಯವರು, ಮೂವತ್ತರ ಆಸುಪಾಸು. ಬಕೆಟ್ಟನ್ನು ನೋಡಿದರು, ರಂಗರಾಜು ಅವರನ್ನು ನೋಡಿದರು.

"ಇವರು ಮನೆಯೋರಾ?"

"ಓನರು" ಎಂದರು ರಂಗರಾಜು, ಕುರ್ಚಿ ಎಳೆದುಕೊಂಡು. "ಸಾಕ್ಷಿಗೆ ಬಂದಿದೀನಿ."

ಕೋಮಲಾ ಮೇಡಂ ಅವರನ್ನು ಬಾಗಿಲ ಹತ್ತಿರ ಕೂರಿಸಿ, ಬಾಯಿ ತೆರೆಯಬಾರದೆಂದು ಮಾತು ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮಗಳ ವಿಷಯ ನನಗೆ ಹೇಳೋದು ಬೇಡ. ಮಗಳಿಗೇ ಹೇಳಿ, ಊರು ಬಿಟ್ಟಿದ್ದು ಯಾಕೆ ಅಂತ" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ತಿಪಟೂರಿನಲ್ಲಿ ಸಿಗುವ ವಿದ್ಯಾಭ್ಯಾಸ, ಆಸ್ಪತ್ರೆ, ರೈಲು, ಎರಡು ದಿನಕ್ಕೊಮ್ಮೆ ನಲ್ಲಿ ನೀರು, ಹೀಗೆ ಐದು ನಿಮಿಷ ಮಾತಾಡಿದೆ. ಗಾನವಿ ಕಿಟಕಿಯ ಆಚೆ ನೋಡುತ್ತಿದ್ದಳು. ರೈಲಿನ ಸಮಯ ಹೇಳುವ ಹೊತ್ತಿಗೆ ಮೇಡಂ ತಡೆದರು. ಬಕೆಟ್ಟಿನ ಮೊರ ಎತ್ತಿ, "ಇದನ್ನ ಯಾರಾದ್ರೂ ಕೈಲಿ ಮುಟ್ಟಿ ನೋಡಿದ್ರಾ?" ಎಂದರು.

"ಅಯ್ಯೋ, ನಾಕು ದಿನದಿಂದ ಯಾರೂ ಮುಟ್ಟಿಲ್ಲ!" ಮಾತು ಕೊಟ್ಟದ್ದನ್ನು ಮರೆತು ರಂಗರಾಜು ಎದ್ದು ನಿಂತರು.

"ನೀವೇ ಎತ್ಕೊಳಿ" ಎಂದು ಮೇಡಂ ನನಗೆ ಹೇಳಿದರು.

ಇಲ್ಲ ಎಂದರೆ ಗಂಡಸುತನಕ್ಕೆ ಕುಂದು. ಶಿವನನ್ನು ನೆನೆದು ಎತ್ತಿಕೊಂಡೆ. ಮುಂದೆ ಆದದ್ದು ನಾನು ಮಾಡಿದ್ದಲ್ಲ, ನನ್ನ ಕೈ ಮಾಡಿದ್ದು. ಕಾಯಿ ತಾನಾಗಿಯೇ ನನ್ನ ಬಲಗಿವಿಯ ಹತ್ತಿರ ಬಂತು. ಮಣಿಕಟ್ಟು ಎರಡು ಸಲ ಅಲ್ಲಾಡಿತು. ಕಾಯೊಳಗೆ ಸದ್ದಿಲ್ಲ. ಏಳು ತಿಂಗಳು ಮುಚ್ಚಿಟ್ಟಿದ್ದ ಊರಿನ ಮಾತು ನನ್ನ ಬಾಯಿಂದ ಬಂತು.

"ಇನ್ನೂ ಆಗಿಲ್ಲ. ನೀರು ಇಂಗೈತೆ, ಆದ್ರೆ ಚಿಪ್ಪು ಬುಟ್ಟಿಲ್ಲ. ಇನ್ನೂ ಮೂರು ತಿಂಗ್ಳು ಬೇಕು."

"ನಾಕು" ಎಂದಳು ಗಾನವಿ.

ದೀಪಾವಳಿಯಿಂದ ಈಚೆಗೆ ಅವಳು ನನಗೆ ಹೇಳಿದ ಮೊದಲ ಮಾತು ಅದು. ನನ್ನ ಕೈಯಲ್ಲಿದ್ದ ಕಾಯಿ ಬೀಳುವುದೊಂದು ಬಾಕಿ.

"ಮೇ ತಿಂಗಳಲ್ಲಿ ಹಾಕಿದ್ದು. ಏಪ್ರಿಲ್ಲಿಗೆ ಆಗುತ್ತೆ. ತಿಂಗಳಿಗೊಂದು ಗೀಟು ಹಾಕಿದೀನಿ" ಎಂದು ಅವಳು ಮೇಡಂ ಕಡೆ ನೋಡಿ ಹೇಳಿದಳು. "ಅಟ್ಟದ ಕಾಯಿ ಆದ ದಿನ ವಾಪಸ್ ಹೋಗೋಣ ಅಂತ ಅಪ್ಪ ಹೇಳಿದ್ರು. ಇಲ್ಲಿಗೆ ಅಟ್ಟದ ಕಾಯಿ ಸದ್ದು ಕೇಳಲ್ವಲ್ಲ. ಅದಕ್ಕೆ ಒಂದನ್ನ ಬ್ಯಾಗಲ್ಲಿ ಹಾಕ್ಕೊಂಡು ಬಂದೆ."

ನಾನು ಕಾಯನ್ನು ತೊಡೆಯ ಮೇಲಿಟ್ಟುಕೊಂಡೆ. ತೆಂಗಿನ ಸೀಮೆಯಲ್ಲಿ ಹುಟ್ಟಿ, ಅಟ್ಟದ ಕಾಯನ್ನು ಕಿವಿಗೆ ಹಿಡಿದ ಮಗುವಿನ ಸುದ್ದಿ ಕೇಳಿ ಮಾಟ ಎಂದುಕೊಂಡವನು ನನ್ನನ್ನು ಬಿಟ್ಟರೆ ಇನ್ನೊಬ್ಬ ಇರಲಾರ. ಸೌಮ್ಯ ಕಣ್ಣೊರೆಸಿಕೊಳ್ಳುತ್ತ, "ಅಷ್ಟೇ ತಾನೇ? ನಾಳೇನೇ ಊರಿಗೆ ಹೋಗಿ ಅಟ್ಟ ನೋಡ್ಕೊಂಡು ಬರೋಣ ಬಾರೇ" ಎಂದಳು. ಇನ್ನು ಚಿರತೆಯನ್ನು ಕರೆಯಲು ನನಗೆ ಶಕ್ತಿ ಇರಲಿಲ್ಲ.

"ಅಟ್ಟದಾಗೆ ಏನೂ ಇಲ್ಲ ಕಣವ್ವ" ಎಂದೆ. "ಬಂದ ಎರಡೇ ವಾರಕ್ಕೆ ನಾನೇ ಖಾಲಿ ಮಾಡ್ಸಿದೆ. ಆ ಸೋಫಾ ತಂದಿದ್ದು ಅದ್ರಿಂದಾನೇ."

ಸೌಮ್ಯ ಕುರ್ಚಿಯನ್ನು ನನ್ನಿಂದ ಒಂದು ಗೇಣು ಆಚೆ ಸರಿಸಿದಳು. ಮಾತಾಡಿದ್ದು ಬಾಗಿಲ ಹತ್ತಿರದ ಸಾಕ್ಷಿ.

"ಅಟ್ಟದ ಕಾಯಿನ ಅರ್ಧಕ್ಕೇ ಇಳಿಸಿದ್ರಾ? ಥೂ ಥೂ! ಇದಕ್ಕಿಂತ ಆ ಮಾಟಾನೇ ವಾಸಿಯಾಗಿತ್ತು ಕಣ್ರೀ!"

ಮೇಡಂ ಅವರನ್ನು ಹೊರಗೆ ಕಳಿಸಿದರು. ಗಾನವಿ ನನ್ನ ತೊಡೆಯ ಮೇಲಿದ್ದ ಕಾಯನ್ನು ಎತ್ತಿಕೊಂಡು, ಸಡಿಲವಾಗಿದ್ದ ರಿಬ್ಬನ್ ಬಿಗಿದು ಕಟ್ಟಿದಳು.

"ಇದೊಂದು ಉಳಿದಿದೆಯಲ್ಲ" ಎಂದಳು.

ಕೋಮಲಾ ಮೇಡಂ ಒಂದು ಚೀಟಿ ಬರೆದುಕೊಟ್ಟರು. ಮಾತ್ರೆ ಇರಲಿಲ್ಲ. ದಿನಾ ಹತ್ತು ನಿಮಿಷ ಅಪ್ಪ ಮಗಳು ಕೂತು ಮಾತಾಡಬೇಕು, ಅಮ್ಮ ನಡುವೆ ಬರಬಾರದು, ಪ್ಲಾಸ್ಟಿಕ್ ಕಿತ್ತು ಸೋಫಾದ ಮೇಲೇ ಕೂರಬೇಕು ಎಂದಿತ್ತು. ಮೊದಲ ವಾರ ಒಂಬತ್ತು ನಿಮಿಷ ಗೋಡೆ ನೋಡಿದೆವು. ಎರಡನೆಯ ವಾರ ಅವಳು ಬಾವಿ ಪಕ್ಕದ ಗಿಡ್ಡ ತೆಂಗಿನ ಸುದ್ದಿ ತೆಗೆದಳು. ಅದು ಈ ವರ್ಷ ಹೊಂಬಾಳೆ ಬಿಟ್ಟಿರಬಹುದೇ ಎಂದು ಕೇಳಿದಳು. ನಾನು ಬಿಟ್ಟಿರುತ್ತದೆ ಎಂದೆ. ಆಮೇಲೆ ಸಾಲು ಸಾಲಾಗಿ ಒಂದೊಂದೇ ಮರವನ್ನು ನೆನೆಸಿಕೊಂಡೆವು. ಮೂರನೆಯ ಸಾಲಿನ ಸಿಡಿಲು ಬಡಿದ ಮರದ ಹತ್ತಿರ ಬರುವಷ್ಟರಲ್ಲಿ ಹತ್ತು ನಿಮಿಷ ಹೋಗಿ ಒಂದು ಗಂಟೆಯಾಗಿತ್ತು. ಸೌಮ್ಯ ಅಡುಗೆಮನೆಯಿಂದಲೇ ಕೇಳಿಸಿಕೊಂಡು, ಬಿಟ್ಟುಹೋದ ಮರಗಳನ್ನು ಕೂಗಿ ಹೇಳುತ್ತಿದ್ದಳು. ಹೋಗಿ ನೋಡಿಕೊಂಡು ಬರೋಣ ಎಂದರೆ ಮಾತ್ರ ಗಾನವಿ ಒಪ್ಪುತ್ತಿರಲಿಲ್ಲ. "ಕಾಯಿ ಆದ್ಮೇಲೆ" ಎನ್ನುತ್ತಿದ್ದಳು.

ಕಾಯಿ ಈಗ ಟಿವಿಯ ಪಕ್ಕ ಬಹಿರಂಗವಾಗಿ ಕೂತಿತ್ತು. ಬೆಳಿಗ್ಗೆ ಹಾಲು ತರಲು ಹೊರಟ ರಂಗರಾಜು ಮೆಟ್ಟಿಲ ಬುಡದಿಂದಲೇ, "ಏನಂತು?" ಎಂದು ಕೂಗುತ್ತಿದ್ದರು. ಕಲ್ಲಮ್ಮ ನೆಂಟರನ್ನೆಲ್ಲ ಕರೆತಂದು ತೋರಿಸುತ್ತಿದ್ದರು. ಎದುರು ಮನೆಯವರು, ಪೇಪರಿನವರು, ಸಿಲಿಂಡರಿನವರು, ಬಂದವರೆಲ್ಲ ಒಮ್ಮೆ ಅಲ್ಲಾಡಿಸಿ ತಲೆಯಾಡಿಸಿ ಹೋಗುತ್ತಿದ್ದರು. ಕೊನೆಗೆ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಮುಟ್ಟಬಾರದು ಎಂದು ಗಾನವಿ ಬೋರ್ಡು ಬರೆದಿಟ್ಟಳು.

ಏಪ್ರಿಲ್ಲಿನ ಒಂದು ಸೋಮವಾರ ಅಂಗಡಿಗೆ ಹೊರಟವನು ಎಂದಿನಂತೆ ಎತ್ತಿ ಅಲ್ಲಾಡಿಸಿದೆ.

ಲೊಡಲೊಡ.

ಸಂತೋಷವೇ ಆಗಬೇಕಿತ್ತು, ಆಯಿತು ಕೂಡ, ಅರ್ಧ ನಿಮಿಷ. ಆಮೇಲೆ ಅರಳೀಕಟ್ಟೆ ಕಂಡಿತು. ಕಟ್ಟೆಯ ಮೇಲಿನ ಅಷ್ಟೂ ಮುಖ ಕಂಡವು. ಮ್ಯಾನೇಜರು ವರ್ಷ ತುಂಬುವ ಮುಂಚೆಯೇ ಪಾತ್ರೆ ಪಡಗ ಹೇರಿಕೊಂಡು ವಾಪಸ್ಸು ಬಂದದ್ದನ್ನು ಅವರು ಎಷ್ಟು ವರ್ಷ ಆಡಿಕೊಳ್ಳಬಹುದು ಎಂದು ಯೋಚಿಸಿದೆ. ಕಾಯನ್ನು ಮೆಲ್ಲಗೆ ಕೆಳಗಿಟ್ಟೆ.

"ಏನಂತು?" ಕೆಳಗಿನಿಂದ ರಂಗರಾಜು.

"ಇನ್ನೂ ಇಲ್ಲ ಸಾರ್."

ಸಂಜೆ ಗಾನವಿ ಬಂದು ಎತ್ತಿಕೊಂಡಳು. ಅಲ್ಲಾಡಿಸಿದಳು. ಸದ್ದಾಗಲಿಲ್ಲ. "ಇನ್ನೂ ಇಲ್ಲ" ಎಂದಳು ಅವಳೂ. ಸದ್ಯ, ಮಗುವಿಗೆ ಸರಿಯಾಗಿ ಅಲ್ಲಾಡಿಸಲು ಬರುವುದಿಲ್ಲ ಎಂದುಕೊಂಡೆ. ಒಂದು ವಾರ ಹೀಗೇ ನಡೆಯಿತು. ಸದ್ದಾಗದಂತೆ ಕಾಯಿ ಅಲ್ಲಾಡಿಸುವ ವಿದ್ಯೆಯಲ್ಲಿ ನಾನು ಪಳಗಿದೆ.

ಮುಂದಿನ ಸೋಮವಾರ ಸೋಫಾದ ಮೇಲೆ ಕೂತು ಹತ್ತು ನಿಮಿಷದ ಮಾತು. ಗಾನವಿ ಕಾಲು ಮಡಚಿ, ಕಾಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅಪ್ಪ, ಇದು ಹೋದ ಸೋಮವಾರಾನೇ ಆಗೈತೆ."

ನಾನು ಅವಳ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಹ್ಞೂಂ. ನಿಂಗೂ ಗೊತ್ತಿತ್ತಲ್ಲ."

"ಮತ್ಯಾಕವ್ವ ಹೇಳ್ಲಿಲ್ಲ?"

"ನೀನೇ ಹೇಳ್ಬೇಕಿತ್ತು. ಮಾತು ಕೊಟ್ಟೋನು ನೀನು. ಅದಕ್ಕೆ ಎಂಟು ದಿನ ಕಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಕಿವಿಯ ಹತ್ತಿರ ಕಾಯಿ ಹಿಡಿದು, ಕೇಳಿಸದವರಿಗೆ ಕೇಳಿಸುವ ಹಾಗೆ, ಜೋರಾಗಿ ಅಲ್ಲಾಡಿಸಿದಳು. ನಾನು ಅತ್ತುಬಿಟ್ಟೆ. ಅಳುತ್ತಲೇ ಟೆಂಪೋದವನಿಗೆ ಫೋನು ಮಾಡಿದೆ. ಅಂಗಡಿಗೆ ದಿನಾ ಬಸ್ಸಿನಲ್ಲಿ ಬಂದರಾಯಿತು, ಸ್ಕೂಲಿಗೂ ಅದೇ ಬಸ್ಸು. ಮುಕ್ಕಾಲು ಗಂಟೆಯ ದಾರಿ ಎಂಬುದು ನನಗೆ ಹೊಳೆಯಲು ಹತ್ತಿರಹತ್ತಿರ ಒಂದು ವರ್ಷ ಬೇಕಾಯಿತು.

ಊರಿನ ಮನೆಯ ಬಾಗಿಲಲ್ಲಿ ಸೋಫಾ ಹಿಡಿಯುವುದಿಲ್ಲ ಎಂದು ಅದನ್ನು ರಂಗರಾಜು ಅವರಿಗೇ ಬಿಟ್ಟೆವು. ಅವರು ಅವತ್ತೇ ಹೊಸ ಪ್ಲಾಸ್ಟಿಕ್ ತಂದು ಹೊದಿಸಿದರು. ಟೆಂಪೋ ಅರಳೀಕಟ್ಟೆ ಮುಟ್ಟಿದಾಗ ಮಾರಯ್ಯ ತಂಬಿಗೆ ಹಿಡಿದು ರಸ್ತೆಗೇ ಬಂದಿದ್ದ. "ಬನ್ನಿ ನೆಂಟ್ರೇ, ಕಾಲಿಗೆ ನೀರು." ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತು ನಕ್ಕರು. ಚಿರತೆಯನ್ನು ಯಾಕೆ ಕರೆತರಲಿಲ್ಲ ಎಂದು ಒಬ್ಬ ವಿಚಾರಿಸಿದ. ನಾನು ಇಳಿದು, ಪ್ಯಾಂಟು ಮಡಚಿ, ಎರಡೂ ಕಾಲು ತೊಳೆದುಕೊಂಡೆ. ನೀರು ತಣ್ಣಗಿತ್ತು.

ಗಾನವಿ ಆಗಲೇ ಮನೆಯೊಳಗೆ ಓಡಿ ಏಣಿ ಹತ್ತಿದ್ದಳು. ನಾನು ಹೋಗಿ ಕೆಳಗಿನಿಂದ ನೋಡಿದೆ. ಅಷ್ಟುದ್ದದ ಖಾಲಿ ಅಟ್ಟ. ಅದರ ನಟ್ಟನಡುವೆ ಅವಳು ಆ ಒಂದೇ ಒಂದು ಕಾಯನ್ನು, ರಿಬ್ಬನ್ ಸಮೇತ ಇಡುತ್ತಿದ್ದಳು.

"ಅದು ಆಗೈತಲ್ಲವ್ವ, ಇಳಿಸಿ ಸುಲಿಯೋಣ ಬಾ" ಎಂದೆ.

"ಬೇಡ, ಇರ್ಲಿ" ಎಂದಳು ಮೇಲಿನಿಂದ. "ನೀನು ಮತ್ತೆ ಎಲ್ಲಿಗಾದ್ರೂ ಹೊರಟ್ರೆ ಬೇಕಾಗುತ್ತೆ."

ಅವಳು ಇಳಿಯುವವರೆಗೂ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದೆ.